ಆ ನೆಲದ ಮೇಲೆ ಮಲಗಬಾರದು

೧೯೯೧ರ ಮಾರ್ಚ್ ತಿಂಗಳು, ಎರಡನೆಯ ಶನಿವಾರ, ಮಧ್ಯಾಹ್ನ ಎರಡು ಗಂಟೆ. ಸ್ಥಳ ನೈರೋಬಿಯ ಕರೆನ್, ಒಬ್ಬ ಫ್ರೆಂಚರ ಸಣ್ಣ ದ್ರಾಕ್ಷಿ ತೋಟ. ಹಾಜರಿದ್ದವರು ತೋಟದ ಯಜಮಾನರು, ಹಣ್ಣು ಹಿಂಡುವ ಗಾಣದ ಕೆಲಸದಾತ, ನನ್ನ ಗಂಡ ಮತ್ತು ನಾನು. ಒಂದು ನಾಯಿ ಇತ್ತು. ಗೇಟಿನ ಕಾವಲುಗಾರ ಊಟಕ್ಕೆ ಹೋಗಿದ್ದ.

ಪಾಳಿ ಬದಲಾಗುವಾಗ ವಾರ್ಡನ್ನು ಮುಂದಿನವರಿಗೆ ಒಪ್ಪಿಸುವುದು ಹೀಗೆ. ಮಂಗಳೂರಿನಲ್ಲಿ ನನಗೆ ನರ್ಸಿಂಗ್ ಕಲಿಸಿದ ಕನ್ಯಾಸ್ತ್ರೀಯರು ಬೇರೆ ರೀತಿ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಮೊದಲು ದಿನ, ಹೊತ್ತು, ಯಾರಿದ್ದರು, ಆಮೇಲೆ ಏನಾಯಿತು. ನೈರೋಬಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿ ನಿವೃತ್ತಳಾದ ಮೇಲೂ ನನಗೆ ಬೇರೆ ಕ್ರಮ ಬರುವುದಿಲ್ಲ.

ಥಿಯೇಟರಿನ ಸಿಸ್ಟರಿಗೆ ವೈನ್ ಮಾಡುವಲ್ಲಿ ಏನು ಕೆಲಸ ಎಂದು ನಮ್ಮ ಚರ್ಚಿನವರು ಕೇಳುತ್ತಿದ್ದರು. ನಮ್ಮದು ಮದ್ಯ ಮುಟ್ಟದ ಸಭೆ. ಪ್ರಭು ಭೋಜನದ ಲೋಟದಲ್ಲೂ ಒಣದ್ರಾಕ್ಷಿ ಕುದಿಸಿದ ನೀರೇ. ಕೆಲಸ ಸಿಕ್ಕಿದ್ದು ರಕ್ತದಿಂದ. ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಈ ಯಜಮಾನರನ್ನು ನಮ್ಮಲ್ಲಿಗೆ ತಂದರು. ಕೆನ್ನೆಯಲ್ಲಿ, ಕುತ್ತಿಗೆಯಲ್ಲಿ ಹಸಿರು ಗಾಜಿನ ಚೂರುಗಳು ನೆಟ್ಟಿದ್ದವು. ಅವರ ವೈನಿಗೆ ಗಂಧಕ ಹಾಕುವುದಿಲ್ಲ, ಅಂಗಡಿಯ ಯೀಸ್ಟ್ ಹಾಕುವುದಿಲ್ಲ, ಸಕ್ಕರೆ ಹಾಕುವುದಿಲ್ಲ. ದ್ರಾಕ್ಷಿ ಬಿಟ್ಟು ಏನೂ ಒಳಗೆ ಹೋಗಬಾರದು ಎಂಬುದು ಅವರ ಹಟ. ಹಾಗಾಗಿ ಬಾಟಲಿಗೆ ತುಂಬಿದ ಮೇಲೂ ಅದು ಸಾಯುವುದಿಲ್ಲ. ಬಿಸಿಲು ಏರಿದ ದಿನ ಒಳಗೇ ಮತ್ತೆ ಹುದುಗಲು ಶುರು ಮಾಡಿ, ಒಂದು ಬಾಟಲಿ ಸಿಡಿದು, ಅದರ ಹೊಡೆತಕ್ಕೆ ಪಕ್ಕದ್ದು ಸಿಡಿದು, ಸಾಲು ಸಾಲೇ ಅವರ ಮುಖಕ್ಕೆ ಹಾರಿತ್ತು.

ಚೂರು ಕೀಳುವಾಗ ಅವರು ಒಂದು ಸಲವೂ ಕೂಗಲಿಲ್ಲ. ನಾನು ಉಪಕರಣ ಕುದಿಸುವುದನ್ನೇ ನೋಡುತ್ತಿದ್ದರು. ಕೊನೆಯ ಹೊಲಿಗೆ ಬಿದ್ದ ಮೇಲೆ, ನನ್ನ ಪೀಪಾಯಿಗಳನ್ನೂ ಹೀಗೇ ತೊಳೆದು ಕೊಡುತ್ತೀರಾ ಎಂದು ಕೇಳಿದರು. ನೋವಿನ ಮದ್ದಿನ ಅಮಲು ಎಂದುಕೊಂಡೆ. ಅಲ್ಲ. ಗಂಧಕ ಹಾಕದವನಿಗೆ ಶುಚಿಯೊಂದೇ ರಕ್ಷಣೆ. ಒಂದು ಕೊಳಕು ಬಟ್ಟೆ ಸಾಕು, ವರ್ಷದ ಬೆಳೆ ವಿನೆಗರ್ ಆಗುತ್ತದೆ. ಅವರಿಗೆ ಎರಡು ವರ್ಷ ಹಾಗೇ ಆಗಿತ್ತು. ನಿವೃತ್ತಿಯಾದ ಮುಂದಿನ ತಿಂಗಳು ನಾನು ಸೋಡಾ, ಬ್ರಷ್ಷು, ಕುದಿಯುವ ನೀರು ಹಿಡಿದುಕೊಂಡು ಅವರ ನೆಲಮಾಳಿಗೆಗೆ ಇಳಿದೆ. ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಯಾರೂ ಬರಬಾರದು ಎಂಬುದು ನಾನು ಮಾಡಿದ ಮೊದಲ ನಿಯಮ. ಅದನ್ನು ಮೊದಲು ಪಾಲಿಸಬೇಕಾದವಳು ನಾನೇ ಆಗಿದ್ದೆ.

ನನಗೆ ಕಾರು ಓಡಿಸಲು ಬರುವುದಿಲ್ಲ. ಕರೆನ್‌ಗೆ ಕಾರಿಲ್ಲದೆ ಹೋಗಲಾಗುವುದಿಲ್ಲ. ನಾವಿದ್ದದ್ದು ನೈರೋಬಿಯ ಇನ್ನೊಂದು ಬದಿಯ ಪಂಗಾನಿಯಲ್ಲಿ. ಲೆಕ್ಕದ ಮೇಷ್ಟರಾಗಿದ್ದು ನನಗಿಂತ ಮೊದಲೇ ನಿವೃತ್ತರಾದ ನನ್ನ ಗಂಡ ದಿನವೂ ಹಳೆಯ ಕಾರಿನಲ್ಲಿ ಬಿಟ್ಟು, ಅಲ್ಲೇ ಕೂತು ಪೇಪರು ಓದಿ, ಕರೆದುಕೊಂಡು ಬರುತ್ತಿದ್ದರು. "ಎಂಥ ಮಾರಾಯ್ತಿ, ಪೀಪಾಯಿಗೆ ಬಿಸಿನೀರು, ಗಂಡನಿಗೆ ತಣ್ಣೀರು" ಎಂದು ಬೆಳಗಿನ ಸ್ನಾನದ ಹೊತ್ತಿಗೆ ಗೊಣಗುತ್ತಿದ್ದರು. ಸುಮ್ಮನೆ ಕೂರಲಾರದ ಜನ. ಹಕ್ಕಿ ಓಡಿಸುವ ಕೆಲಸ ತಾವೇ ತೆಗೆದುಕೊಂಡರು.

ಹಕ್ಕಿಗಳ ಹಾವಳಿ ಹೇಳಿ ಮುಗಿಯುವುದಲ್ಲ. ಉದ್ದ ಬಾಲದ ಬೂದು ಹಕ್ಕಿಗಳು ಗೊಂಚಲಿಗೆ ತಲೆ ಕೆಳಗಾಗಿ ಜೋತುಬಿದ್ದು, ಒಂದೊಂದು ಹಣ್ಣನ್ನೂ ಸೀಳಿ, ಅರ್ಧ ತಿಂದು ಬಿಡುತ್ತಿದ್ದವು. ಸೀಳಿದ ಹಣ್ಣು ಬಳ್ಳಿಯಲ್ಲೇ ಕೊಳೆಯುತ್ತಿತ್ತು. ನನ್ನ ಗಂಡ ಒಂದು ಕಬ್ಬಿಣದ ಕೊಳವೆ ತಂದರು. ಒಂದು ತುದಿ ಮುಚ್ಚಿಸಿ, ಅದರೊಳಗೆ ಕಾರ್ಬೈಡಿನ ಹರಳು ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಹಿಂಬದಿಯ ರಂಧ್ರಕ್ಕೆ ಬೆಂಕಿ ತೋರಿಸಿದರೆ ನಮ್ಮ ಕರಾವಳಿಯ ಹಬ್ಬಗಳಲ್ಲಿ ಸಿಡಿಸುವ ಗರ್ನಾಲಿನಂತೆ ಢಂ ಎನ್ನುತ್ತಿತ್ತು. ಗುಂಡು ಇಲ್ಲ, ಮದ್ದು ಇಲ್ಲ, ಬರಿಯ ಸದ್ದು. ಇಡೀ ದಿಣ್ಣೆ ಅದುರುತ್ತಿತ್ತು. ಆಚೆಯ ತೋಟಗಳವರು ಫ್ರೆಂಚನ ಹತ್ತಿರ ದೊಡ್ಡ ಬಂದೂಕು ಇದೆ ಎಂದು ಮಾತಾಡಿಕೊಂಡರು. ಯಜಮಾನರು ಅದನ್ನು ಅಲ್ಲಗಳೆಯಲಿಲ್ಲ. ಯಾರಾದರೂ ಕೇಳಿದರೆ, ನಿಮ್ಮದಕ್ಕಿಂತ ದೊಡ್ಡದು ಎಂದು ನಗುತ್ತಿದ್ದರು. ಆ ವರ್ಷಗಳಲ್ಲಿ ಬಂದೂಕಿನ ಸುದ್ದಿ ಹೇಗೆ ಹರಿಯುತ್ತದೆ, ಯಾರ ಕಿವಿಗೆ ಹೋಗುತ್ತದೆ ಎಂದು ನಾವು ನಾಲ್ವರೂ ಯೋಚಿಸಲಿಲ್ಲ.

ಈಗ ನೆಲಮಾಳಿಗೆಯ ವಿಷಯ ಹೇಳಬೇಕು. ಅದು ಇಳಿಜಾರನ್ನು ಕಡಿದು ಕಟ್ಟಿದ ಕಲ್ಲಿನ ಕೋಣೆ. ಮೇಲೆ ಬಾಗಿಲು, ಬಾಗಿಲಿನಿಂದ ಕೆಳಗೆ ಮೆಟ್ಟಿಲು, ಗೋಡೆಯುದ್ದಕ್ಕೂ ಮರದ ದಿಮ್ಮಿಗಳ ಮೇಲೆ ಪೀಪಾಯಿಗಳು. ಎದುರಿನ ಗೋಡೆಯಲ್ಲಿ ನೆಲಕ್ಕೆ ತಾಗಿದಂತೆ ಒಂದು ಕಿಂಡಿ. ತೊಳೆದ ನೀರು ಅಲ್ಲಿಂದ ಹೊರಗಿನ ಇಳಿಜಾರಿಗೆ ಹೋಗುತ್ತದೆ. ಕಿಂಡಿಗೆ ಒಳಗಿನಿಂದ ಹಲಗೆ. ಹಣ್ಣಿನ ರಸ ಪೀಪಾಯಿಯಲ್ಲಿ ಹುದುಗುವಾಗ ಒಂದು ಭಾರದ ಗಾಳಿ ಹೊರಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದು ಮೇಲೆ ಹೋಗದೆ ನೀರಿನಂತೆ ಕೆಳಗಿಳಿದು, ನೆಲದ ಮೇಲೆ ತುಂಬಿಕೊಳ್ಳುತ್ತದೆ. ಅದರಲ್ಲಿ ಮುಳುಗಿದವರಿಗೆ ಮೂಗಿನಲ್ಲಿ ಸ್ವಲ್ಪ ಉರಿ, ಎರಡು ಮೂರು ಏದುಸಿರು, ಅಷ್ಟೇ. ನಿದ್ದೆ ಬಂದಂತೆ ಬೀಳುತ್ತಾರೆ, ಏಳುವುದಿಲ್ಲ. ಯಜಮಾನರ ಚಿಕ್ಕಪ್ಪ ಫ್ರಾನ್ಸಿನ ಲೋಆರ್ ನದಿಯ ದಡದ ಅವರ ಮನೆಯ ನೆಲಮಾಳಿಗೆಯಲ್ಲಿ ಬಿದ್ದ ಕೀಲಿಕೈ ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಹೋದರಂತೆ.

ಆದ್ದರಿಂದ ಹುದುಗುವ ವಾರಗಳಲ್ಲಿ ಕ್ರಮ ಇದು. ಬಾಗಿಲು ತೆರೆದು, ಮೇಲಿನಿಂದ ಉರಿಯುವ ಮೇಣದಬತ್ತಿಯನ್ನು ತಗಡಿನ ಡಬ್ಬದಲ್ಲಿ ಮೊಣಕಾಲ ಮಟ್ಟಕ್ಕೆ ಇಳಿಸಬೇಕು. ಆರಿದರೆ ಯಾರೂ ಒಳಗಿಳಿದು ಕೆಲಸ ಮಾಡಬಾರದು. ಒಬ್ಬರು ಮಾತ್ರ ಉಸಿರು ಕಟ್ಟಿ, ಬೆನ್ನು ಬಗ್ಗಿಸದೆ ನಡೆದು, ಉದ್ದ ಕೋಲಿನ ಕೊಕ್ಕೆಯಿಂದ ಕಿಂಡಿಯ ಹಲಗೆ ಎಳೆದು, ಹಾಗೇ ಮೇಲೆ ಬರಬೇಕು. ಭಾರದ ಗಾಳಿ ಕಿಂಡಿಯಿಂದ ಹೊರಗೆ ಹರಿದುಹೋಗುತ್ತದೆ. ಒಳಗೆ ಯಾರೂ ಕೂರಬಾರದು, ಬಗ್ಗಬಾರದು. ಮಲಗುವ ಮಾತೇ ಇಲ್ಲ.

ಆ ಶನಿವಾರ ಬೆಳಿಗ್ಗೆ ಮೇಣದಬತ್ತಿ ತೊಡೆಯ ಮಟ್ಟದಲ್ಲೇ ಆರಿತ್ತು. ಬಿಸಿ ಹೆಚ್ಚಿ ಪೀಪಾಯಿಗಳು ಗೊರಗೊರ ಎಂದು ನೊರೆ ಕಾರುತ್ತಿದ್ದವು. ಕಿಂಡಿ ತೆರೆದು, ಗಾಳಿ ಹೋದ ಮೇಲೆ ನೊರೆ ಒರೆಸಿದೆವು. ಹಣ್ಣುನೊಣ ನುಗ್ಗದಂತೆ ಊಟದ ಹೊತ್ತಿಗೆ ಕಿಂಡಿ ಮುಚ್ಚಿದೆವು. ಎರಡು ಗಂಟೆಗೆ ಬಾಗಿಲು ತೆರೆದು ಬತ್ತಿ ಇಳಿಸಿದೆ. ಮತ್ತೆ ತೊಡೆಯ ಮಟ್ಟದಲ್ಲೇ ಆರಿತು. ಕೊಕ್ಕೆಗೆ ಕೈ ಚಾಚಿದ್ದೆ. ದಿಣ್ಣೆಯ ಮೇಲೆ ನನ್ನ ಗಂಡ ಒಂದು ಸಲ ಕೊಳವೆ ಸಿಡಿಸಿದರು. ಸದ್ದಿಗೆ ನಾಯಿ ಬೊಗಳಿತು. ಬೊಗಳುತ್ತಿದ್ದದ್ದು ಅರ್ಧಕ್ಕೇ ನಿಂತಿತು.

ಅವರು ಗೇಟಿನಿಂದ ಬರಲಿಲ್ಲ. ಕೆಳಗಿನ ಬೇಲಿ ಕತ್ತರಿಸಿ ಬಳ್ಳಿಗಳ ಸಾಲಿನ ನಡುವೆ ಬಂದರು. ನಾಲ್ವರು. ಒಬ್ಬನ ಕೈಯಲ್ಲಿ ಪಿಸ್ತೂಲು, ಮೂವರ ಕೈಯಲ್ಲಿ ಪಾಂಗಾ, ಅಂದರೆ ಇಲ್ಲಿನವರು ಹುಲ್ಲು ಸವರುವ ಉದ್ದ ಕತ್ತಿ. ಮೊದಲನೆಯವನ ಕತ್ತಿಯಲ್ಲಿ ನಾಯಿಯ ರಕ್ತ ಇತ್ತು. ಗಾಣದ ಹತ್ತಿರ ನಿಂತಿದ್ದ ಯಜಮಾನರ ಅಂಗಿ ಹಿಡಿದು ಬುಂದುಕಿ ಎಲ್ಲಿ ಎಂದರು. ಬುಂದುಕಿ ಎಂದರೆ ನಮ್ಮ ಬಂದೂಕೇ. ಅರ್ಥ ಮಾಡಿಕೊಳ್ಳಲು ಯಾರಿಗೂ ಹೊತ್ತು ಬೇಕಾಗಲಿಲ್ಲ. ಇಲ್ಲ ಎಂದರು ಯಜಮಾನರು. ಕತ್ತಿಯ ಹಿಂಬದಿಯಿಂದ ಬಾಯಿಗೆ ಹೊಡೆದರು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅವರು ಎದ್ದು ಮತ್ತೆ ಇಲ್ಲ ಎಂದರು. ಈ ಸಲ ಪಕ್ಕೆಗೆ ಬಿತ್ತು. ಅಡ್ಡ ಬಂದ ಗಾಣದಾತನ ಮುಂಗೈಯನ್ನು ಇನ್ನೊಬ್ಬ ಒಂದೇ ಏಟಿಗೆ ಮೂಳೆ ಕಾಣುವಷ್ಟು ಸೀಳಿದ. ಹಿಂಡಿಟ್ಟ ಬಿಳಿ ರಸದ ಬೋಗುಣಿಗೆ ಕೆಂಪು ಇಳಿಯಿತು.

ಇದನ್ನು ಮೇಲಿನಿಂದ ನೋಡಿದ ನನ್ನ ಗಂಡ ಅಡಗಿಕೊಳ್ಳಬಹುದಿತ್ತು. ಕೊಳವೆಯನ್ನೇ ಹೊತ್ತುಕೊಂಡು ಇಳಿದು ಬಂದರು. ತೋರಿಸಿದರೆ ನಂಬುತ್ತಾರೆ ಎಂದು ಮೇಷ್ಟರ ಲೆಕ್ಕ. ಇದು ಬಂದೂಕಲ್ಲ, ಬರಿಯ ಕೊಳವೆ ಎಂದು ಹೇಳಬೇಕಿತ್ತು. ಸ್ವಾಹಿಲಿಯಲ್ಲಿ ಕೊಳವೆಗೆ ಬೊಂಬಾ ಎನ್ನುತ್ತಾರೆ. ನನ್ನ ಗಂಡನಿಗೆ ಈ ಊರಿನಲ್ಲಿ ಅಷ್ಟು ವರ್ಷವಾದರೂ ಆ ಮಾತು ನೆಟ್ಟಗೆ ಬಂದಿರಲಿಲ್ಲ. ನಮ್ಮ ಬಿದಿರಿನ ಬೊಂಬು ಅವರ ನಾಲಿಗೆಯಲ್ಲಿ ಕೂತುಬಿಟ್ಟಿತ್ತು. ಯಾವಾಗಲೂ ಬೊಂಬು ಎಂದೇ ಹೇಳುತ್ತಿದ್ದರು. ಸ್ವಾಹಿಲಿ ಕಿವಿಗೆ ಅದು ಬೋಮು. ಬೋಮು ಎಂದರೆ ಬಾಂಬು.

ಬಂದೂಕಲ್ಲ, ಬಾಂಬು ಎಂದು ಹೇಳಿಕೊಂಡು ಕಬ್ಬಿಣದ ಕೊಳವೆ ಎತ್ತಿ ಹಿಡಿದು ಬಂದ ಮುದುಕನ ಮೇಲೆ ಇಬ್ಬರು ಒಟ್ಟಿಗೆ ಬಿದ್ದರು. ಕತ್ತಿಯ ಹಿಂಬದಿ ಭುಜಕ್ಕೆ ಬಿತ್ತು. ಕೊಳವೆ ಉರುಳಿತು. ಬಿದ್ದ ಮೇಲೂ ಹೊಟ್ಟೆಗೆ ಒದ್ದರು. ನಾನು ಓಡಿಹೋಗಿ ಬೊಂಬಾ, ಬೊಂಬಾ ಎಂದು ಎಷ್ಟು ಸಲ ತಿದ್ದಿದೆನೋ, ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಪಿಸ್ತೂಲಿನವನು ನಮ್ಮ ನಾಲ್ವರನ್ನೂ ನೆಲಮಾಳಿಗೆಯ ಮೆಟ್ಟಿಲಿನಿಂದ ಕೆಳಗೆ ದಬ್ಬಿದ. ಉಳಿದ ಮೂವರು ಬಂದೂಕು ಹುಡುಕಲು ಮನೆಗೆ ನುಗ್ಗಿದರು. ಅವನು ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ಎರಡೇ.

"ಲಾಲಾ ಚೀನಿ."

ಕೆಳಗೆ ಮಲಗಿ ಎಂದು ಅರ್ಥ. ನೈರೋಬಿಯಲ್ಲಿ ಕಳ್ಳರು ನುಗ್ಗಿದ ಮನೆಯವರೆಲ್ಲರಿಗೂ ಗೊತ್ತಿರುವ ಮಾತು. ನನಗೆ ಅದು ಬೇರೆ ಕಡೆಯಿಂದ ಗೊತ್ತಿತ್ತು. ಲಾಲಾ ಎಂದರೆ ಮಲಗು, ನಿದ್ದೆ ಮಾಡು. ಥಿಯೇಟರಿನ ಮೇಜಿನ ಮೇಲೆ ಹೆದರಿ ಎದ್ದು ಕೂರುವವರ ಎದೆಯ ಮೇಲೆ ಕೈಯಿಟ್ಟು ಜೀವಮಾನವಿಡೀ ನಾನೇ ಹೇಳಿದ ಮಾತು ಅದು. ಹೊಸದರಲ್ಲಿ ನಮ್ಮ ಲಾಲಿಯೇ ಇಲ್ಲಿಗೆ ಬಂದಿದೆ ಎಂದುಕೊಂಡಿದ್ದೆ. ನಾನು ಹೇಳಿದಾಗ ಎಲ್ಲರೂ ಮಲಗಿದ್ದರು.

ಯಜಮಾನರು ಬಿದ್ದ ರಭಸಕ್ಕೆ ದಿಮ್ಮಿಯ ಮೇಲೆ ಕೂತಂತಾಗಿ, ಪೀಪಾಯಿಗೆ ಒರಗಿದ ತಲೆ ತೊಡೆಯ ಮಟ್ಟಕ್ಕಿಂತ ಸ್ವಲ್ಪ ಮೇಲಿತ್ತು. ಪ್ರಜ್ಞೆ ಇರಲಿಲ್ಲ. ಗಾಣದಾತ ವಿಷಯ ಬಲ್ಲವನು. ಬಿದ್ದಂತೆ ಮಾಡಿ ದಿಮ್ಮಿಯ ಮೇಲೆ ಕುಕ್ಕರಿಸಿ, ಪೀಪಾಯಿಗೆ ಒರಗಿ, ಗಾಯದ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡ. ನನ್ನ ಗಂಡ ಮಾತ್ರ ಹೇಳಿದ ಹಾಗೆ ಮುಖ ಕೆಳಗಾಗಿ ಉದ್ದಕ್ಕೆ ಮಲಗಿದರು. ಕಿಂಡಿಯ ಪಕ್ಕ, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ. ಅವರ ಕೆಲಸ ಹೊರಗೆ; ಬತ್ತಿಯ ಪಾಠ ನನ್ನ ಬಾಯಿಂದ ಎಷ್ಟು ಸಲ ಕೇಳಿದ್ದರೂ ಆ ಹೊತ್ತಿಗೆ ನೆನಪಾಗಲಿಲ್ಲ. ನಾನು ನಿಂತೇ ಇದ್ದೆ. ಆ ನೆಲದ ಮೇಲೆ ಯಾರೂ ಮಲಗಿರಬಾರದು; ನನಗೆ ಆಗ ಗೊತ್ತಿದ್ದದ್ದು ಅಷ್ಟೇ.

ಪಿಸ್ತೂಲಿನವನಿಗೆ ಸ್ವಾಹಿಲಿಯಲ್ಲಿ ಹೇಳಿದೆ. ಇಲ್ಲಿ ನೆಲದ ಗಾಳಿ ಕೆಟ್ಟದ್ದು, ಮಲಗಿದರೆ ಸಾಯುತ್ತೇವೆ, ಹೊರಗೆ ಹುಲ್ಲಿನ ಮೇಲೆ ಮಲಗಿಸು, ಎಷ್ಟು ಹೊತ್ತಾದರೂ ಮಲಗುತ್ತೇವೆ ಎಂದೆ. ಅವನು ಒಂದು ಮೆಟ್ಟಿಲು ಇಳಿದು ಪಿಸ್ತೂಲಿನ ಹಿಡಿಯಿಂದ ನನ್ನ ಕಿವಿಯ ಮೇಲೆ ಹೊಡೆದ. ಬಿಸಿಯಾಗಿ ಕುತ್ತಿಗೆಗೆ ಇಳಿಯಿತು. ಪೀಪಾಯಿಯ ಅಂಚು ಹಿಡಿದು ನಿಂತುಕೊಂಡೆ. ಮತ್ತೆ ಲಾಲಾ ಎಂದ. ಇಲ್ಲ ಎಂದೆ. ಇನ್ನೊಮ್ಮೆ ಅದೇ ಜಾಗಕ್ಕೆ ಹೊಡೆದ.

ನೆಲದಿಂದ ನನ್ನ ಗಂಡನ ದನಿ ಬಂತು.

"ಮಲಗು ಮಾರಾಯ್ತಿ. ಹೊಡೆದು ಕೊಲ್ತಾನೆ ಅವನು."

"ಮಲಗಿದ್ರೆ ಹೊಡೆಯದೇ ಸಾಯ್ತೇವೆ. ನೀವು ತಲೆ ಎತ್ತಿ."

"ಭುಜ ಮುರಿದುಂಟು. ಆಗುದಿಲ್ಲ."

"ಆಗದಿದ್ರೂ ಎತ್ತಿ. ಮೇಣದಬತ್ತಿ, ಮೇಣದಬತ್ತಿ. ನೆನಪುಂಟಾ?"

ಅವರು ಒಂದು ಮೊಣಕೈ ಊರಿದರು. ತಲೆ ಸ್ವಲ್ಪ ಮೇಲೆ ಬಂತು, ಏದುಸಿರು ಶುರುವಾಯಿತು. ಅರ್ಥವಾಗದ ಭಾಷೆಯಲ್ಲಿ ನಾವು ಏನೋ ಹೂಡುತ್ತಿದ್ದೇವೆ ಎಂದು ಅವನಿಗೆ ಸಿಟ್ಟು ಬಂತು. ಮಾತು ನಿಲ್ಲಿಸದಿದ್ದರೆ ಗುಂಡು ಹೊಡೆಯುತ್ತೇನೆ ಎಂದ. ನನ್ನ ಗಂಡನಿಗೆ ಅಷ್ಟರಲ್ಲಿ ನಾಲಿಗೆ ತೊದಲುತ್ತಿತ್ತು. "ಸಿಸ್ಟರ್, ಇವತ್ತು ನನಗೆ ಬಿಸಿನೀರು" ಎಂದರು. ಅದು ತಮಾಷೆಯೋ, ಮತಿ ತಪ್ಪಿದ್ದೋ, ಈಗಲೂ ಅವರಿಗೇ ಗೊತ್ತಿಲ್ಲ. ಮೊಣಕೈ ಜಾರಿತು. ಮುಖ ನೆಲಕ್ಕೆ ಬಿತ್ತು.

ಥಿಯೇಟರಿನಲ್ಲಿ ಉಸಿರು ನಿಂತವರಿಗೆ ಎಷ್ಟು ಹೊತ್ತು ಇರುತ್ತದೆ ಎಂದು ನನಗೆ ಗೊತ್ತಿತ್ತು. ಗೋಡೆಗೆ ಒರಗಿಸಿದ್ದ ಕೊಕ್ಕೆ ಪಿಸ್ತೂಲಿನವನ ಪಕ್ಕದಲ್ಲಿತ್ತು. ಅದಕ್ಕೆ ಕೈ ಹಾಕಿದರೆ ಆಯುಧ ಎಂದುಕೊಂಡು ಗುಂಡು ಹೊಡೆಯುತ್ತಾನೆ. ಗಂಡನ ಕಡೆ ಬಗ್ಗಿದರೆ ಇಬ್ಬರೂ ಹೋಗುತ್ತೇವೆ. ಆದರೂ ಬಗ್ಗಲು ಉಸಿರು ಎಳೆದುಕೊಂಡೆ.

ಅಷ್ಟರಲ್ಲಿ ಅವನೇ ಇಳಿದು ಬಂದ. ನನ್ನನ್ನು ಹೊಡೆಯುವಾಗ ಯಜಮಾನರ ಕೈಗಡಿಯಾರ ಕಣ್ಣಿಗೆ ಬಿದ್ದಿತ್ತು. ಸಂಗಡಿಗರು ಬರುವ ಮೊದಲು ಅದನ್ನು ತನ್ನದಾಗಿಸಿಕೊಳ್ಳಬೇಕಿತ್ತೋ ಏನೋ. ಪಿಸ್ತೂಲು ನನ್ನ ಕಡೆಗೇ ಹಿಡಿದು, ಯಜಮಾನರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ನೆಲಕ್ಕೆ ಜೋತ ಅವರ ಕೈಯಿಂದ ಒಂದೇ ಕೈಯಲ್ಲಿ ಪಟ್ಟಿ ಬಿಚ್ಚತೊಡಗಿದ. ಪಟ್ಟಿ ಬಿಗಿಯಾಗಿತ್ತು. ಬಯ್ಯುತ್ತ ತಲೆ ಇನ್ನಷ್ಟು ತಗ್ಗಿಸಿದ. ಒಂದು ಸಲ ಕೆಮ್ಮಿದ. ಬಾಯಿ ದೊಡ್ಡದಾಗಿ ತೆರೆದು ಗಾಳಿ ಎಳೆದ, ಮತ್ತೆ ಎಳೆದ. ಕಣ್ಣು ನನ್ನ ಮೇಲೇ ಇತ್ತು, ಆದರೆ ನೋಡುತ್ತಿರಲಿಲ್ಲ. ಪಿಸ್ತೂಲು ಕಲ್ಲಿನ ಮೇಲೆ ಬಿತ್ತು. ಅವನು ಯಜಮಾನರ ಕಾಲಿನ ಮೇಲೆ ಅಡ್ಡಬಿದ್ದ.

ಗಾಣದಾತ ಎದ್ದ. ಒಳ್ಳೆಯ ಕೈಯಲ್ಲಿ ಪೀಪಾಯಿಯ ಬಿರಡೆ ಬಡಿಯುವ ಮರದ ಸುತ್ತಿಗೆ ಎತ್ತಿಕೊಂಡು ಅವನ ಬೆನ್ನಿಗೆ ಒಂದು, ಇನ್ನೊಂದು ಬಾರಿಸಿದ. ಮೂರನೆಯದಕ್ಕೆ ಎತ್ತಿದಾಗ ನಾನು ಕೊಕ್ಕೆಯಿಂದ ಕಿಂಡಿಯ ಹಲಗೆ ಎಳೆದಿದ್ದೆ. ಸುತ್ತಿಗೆ ಬಿಡು, ಮೇಷ್ಟರ ಕಾಲು ಹಿಡಿ ಎಂದೆ. ಬಿಟ್ಟ.

ಉಸಿರು ಕಟ್ಟಿ ಇಳಿಯುವುದು, ಎಳೆಯುವುದು, ಮೇಲೆ ಬಂದು ಉಸಿರಾಡುವುದು, ಮತ್ತೆ ಇಳಿಯುವುದು. ಗಂಡನನ್ನು ಮುರಿದ ಭುಜ ನೋಡದೆ ಕಂಕುಳಿಗೆ ಕೈಹಾಕಿ ಮೆಟ್ಟಿಲ ಮೇಲಕ್ಕೆ ಎಳೆದೆ. ಪ್ರಜ್ಞೆ ಇದ್ದಿದ್ದರೆ ಆ ನೋವಿಗೆ ಊರು ಕೇಳುವಂತೆ ಕಿರುಚಬೇಕಿತ್ತು. ಮುಖ ನೀಲಿಯಾಗಿತ್ತು. ಹುಲ್ಲಿನ ಮೇಲೆ ಹಾಕಿ ಬಾಯಿಗೆ ಬಾಯಿ ಕೊಟ್ಟು ಊದಿದೆ. ಎದೆ ಏರಿತು, ಇಳಿಯಿತು, ತಾನಾಗಿ ಏರಲಿಲ್ಲ. ಮತ್ತೆ ಊದಿದೆ. ಆಮೇಲೆ ಒಂದು ಸಲ ಗೊರಕೆಯಂತೆ ಎಳೆದುಕೊಂಡು ವಾಂತಿ ಮಾಡಿದರು. ಪಕ್ಕಕ್ಕೆ ಹೊರಳಿಸಿದೆ. ಯಜಮಾನರನ್ನು ಇಬ್ಬರೂ ಸೇರಿ ತಂದೆವು. ಅವರ ತಲೆ ಮೇಲಿದ್ದದ್ದರಿಂದ ಉಸಿರು ಕ್ಷೀಣವಾಗಿದ್ದರೂ ನಡೆಯುತ್ತಿತ್ತು.

ಮನೆಯೊಳಗೆ ಕಪಾಟು ಒಡೆಯುವ ಸದ್ದು ಇನ್ನೂ ಬರುತ್ತಿತ್ತು. ಊಟ ಮುಗಿಸಿ ಬಂದ ಕಾವಲುಗಾರ ಸತ್ತ ನಾಯಿಯನ್ನು ನೋಡಿ ಸೀಟಿ ಊದಿದ. ಪಕ್ಕದ ತೋಟದಲ್ಲಿ ಯಾರೋ ಕಬ್ಬಿಣದ ತುಂಡಿಗೆ ಬಡಿಯತೊಡಗಿದರು. ಮನೆಯಲ್ಲಿದ್ದ ಮೂವರೂ ಯಜಮಾನರ ಕಾರು ಹತ್ತಿ ಗೇಟು ಮುರಿದುಕೊಂಡು ಹೋದರು. ಕೆಳಗಿದ್ದ ತಮ್ಮವನನ್ನು ಕರೆಯಲೂ ಇಲ್ಲ.

ನಾನು ಮತ್ತೆ ಮೆಟ್ಟಿಲ ಕಡೆ ಹೋದೆ. ಗಾಣದಾತ ಅಡ್ಡ ನಿಂತು, ಅವನನ್ನು ಬಿಡಿ ಸಿಸ್ಟಾ ಎಂದ. ಅವನ ಕೈಯ ಗಾಯಕ್ಕೆ ನಾನು ಕಟ್ಟಿದ್ದ ಬಟ್ಟೆ ಆಗಲೇ ನೆನೆದಿತ್ತು. ಹಾಗೆ ಹೇಳಲು ಅವನಿಗೆ ಹಕ್ಕಿತ್ತು. ಒಳಗೆ ಇನ್ನೊಬ್ಬರು ಇದ್ದಾರೆ ಎಂದೆ. ಅವನು ದಾರಿ ಬಿಟ್ಟ, ಕೈ ಕೊಡಲಿಲ್ಲ. ನಾನೊಬ್ಬಳೇ ಎಳೆದೆ. ತೆಳ್ಳಗಿನ ಮನುಷ್ಯ, ಇಪ್ಪತ್ತೈದು ದಾಟಿರಬಹುದು. ಹುಲ್ಲಿಗೆ ತಂದು, ತಲೆ ಹಿಂದಕ್ಕೆ ಬಾಗಿಸಿ, ನನ್ನ ಕಿವಿಯ ರಕ್ತ ಅವನ ಮುಖದ ಮೇಲೆ ತೊಟ್ಟಿಕ್ಕುತ್ತಿರುವಾಗಲೇ ಊದಿದೆ. ಅವನು ಬೇಗ ಬಂದ. ಕಣ್ಣು ತೆರೆದು, ನನ್ನನ್ನು ನೋಡಿ, ಮಾಮಾ ಎಂದ. ಇಲ್ಲಿ ಎಲ್ಲ ಹೆಂಗಸರನ್ನೂ ಕರೆಯುವುದು ಹಾಗೆಯೇ.

ಜನ ಅಷ್ಟರಲ್ಲಿ ಬಂದಿದ್ದರು. ಅಕ್ಕಪಕ್ಕದ ತೋಟಗಳ ಮಾಲಿಗಳು, ಕುದುರೆ ಲಾಯದವರು, ಅಡುಗೆಯವರು, ದಾರಿಯಲ್ಲಿ ಹೋಗುತ್ತಿದ್ದವರು. ಕೈಗೆ ಸಿಕ್ಕಿದ್ದನ್ನು ಹಿಡಿದಿದ್ದರು. ಮ್ವಿಜಿ ಎಂದು ಒಬ್ಬ ಹೇಳಿದ. ಕಳ್ಳ ಎಂದರ್ಥ. ನೈರೋಬಿಯಲ್ಲಿ ಆ ಮಾತು ಹುಟ್ಟಿದ ಜಾಗದಲ್ಲಿ ಮುಂದೇನಾಗುತ್ತದೆ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ನಾನು ಅವನ ಎದೆಯ ಮೇಲೆ ಕೈಯಿಟ್ಟು ಕೂತೆ.

"ಇವನು ನನ್ನ ಮ್ಗೊಂಜ್ವಾ" ಎಂದೆ. ರೋಗಿ ಎಂಬುದಕ್ಕೆ ಅವರ ಮಾತು.

ಕುದುರೆ ಲಾಯದ ಹಿರಿಯನೊಬ್ಬ ಮುಂದೆ ಬಂದ. ಅವನ ಹೆಂಡತಿಯ ಹೊಟ್ಟೆಯ ಆಪರೇಷನ್ನಿಗೆ ನಾನೇ ಇದ್ದೆ. ಭಾನುವಾರ ದಾರಿಯಲ್ಲಿ ಸಿಕ್ಕಿದರೆ ಟೊಪ್ಪಿ ತೆಗೆಯುತ್ತಿದ್ದ. ಆಗಲೂ ದನಿ ಏರಿಸಲಿಲ್ಲ.

"ಸಿಸ್ಟಾ, ಒಳಗೆ ಅವನು ನಿನ್ನ ರೋಗಿ. ಹೊರಗೆ ನಮ್ಮ ಕಳ್ಳ."

ಇಬ್ಬರು ನನ್ನ ತೋಳು ಹಿಡಿದು, ನೋಯಿಸದೆ, ಎತ್ತಿ ಪಕ್ಕಕ್ಕೆ ನಿಲ್ಲಿಸಿದರು. ಉಳಿದವರು ಅವನ ಕಾಲು ಹಿಡಿದು ಗಾಣದ ಆಚೆಗೆ ಎಳೆದರು. ಅದೇ ಹೊತ್ತಿಗೆ ನನ್ನ ಗಂಡನಿಗೆ ಮತ್ತೆ ವಾಂತಿಯಾಗಿ ಗಂಟಲಿಗೆ ಸಿಕ್ಕಿಕೊಂಡಿತು. ನಾನು ಅವರ ಬಾಯಿಗೆ ಬೆರಳು ಹಾಕಿ ಸ್ವಚ್ಛ ಮಾಡುತ್ತಿದ್ದೆ. ಬೆನ್ನ ಹಿಂದೆ ಕಲ್ಲು, ಗುದ್ದಲಿ, ಕೋಲು. 'ಮಾಮಾ' ಎಂದು ಎರಡು ಸಲ ಕೇಳಿಸಿತು. ಆಮೇಲೆ ಬರಿಯ ಹೊಡೆತದ ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂತೆ. ಅದು ನಿಂತ ಮೇಲೆ ಒಬ್ಬೊಬ್ಬರೇ ಹೊರಟುಹೋದರು. ಲಾಯದ ಹಿರಿಯ ನಲ್ಲಿಯಲ್ಲಿ ಕೈ ತೊಳೆದು, ನನ್ನ ಗಂಡನ ತಲೆಗೆ ಇಂಬಾಗಿ ತನ್ನ ಕೋಟು ಮಡಚಿ ಕೊಟ್ಟ.

ಪಕ್ಕದ ಮನೆಯವರ ಗಾಡಿ ಬಂತು. ಅದರಲ್ಲಿ ಉದ್ದಕ್ಕೆ ಮಲಗಿಸಲು ಒಬ್ಬರಿಗೇ ಜಾಗ. ಯಜಮಾನರನ್ನು ಮಲಗಿಸಿ, ಗಾಣದಾತನನ್ನು ಪಕ್ಕದಲ್ಲಿ ಕೂರಿಸಿ ಮೊದಲು ಕಳಿಸಿದೆ. ನನ್ನ ಗಂಡನಿಗೆ ಉಸಿರು ಸರಿಯಾಗಿತ್ತು. ಕೈಯನ್ನು ಎದೆಗೆ ಕಟ್ಟಿ ಮರಕ್ಕೆ ಒರಗಿಸಿದೆ. ನಮ್ಮ ಕಾರು ಅಲ್ಲೇ ಇದ್ದರೂ ಓಡಿಸುವವರು ಇರಲಿಲ್ಲ, ಎರಡನೆಯ ಸರದಿಗೆ ಕಾಯಬೇಕು. ಕಾಯುವಾಗ ಸುಮ್ಮನಿರಲಾಗಲಿಲ್ಲ. ಒಳಗೆ ಪೀಪಾಯಿಗಳು ಏನೂ ಆಗದವರಂತೆ ಗೊರಗೊರ ಎನ್ನುತ್ತಿದ್ದವು. ಕಿಂಡಿ ತೆರೆದೇ ಇದ್ದದ್ದರಿಂದ ನೊಣ ನುಗ್ಗಿತ್ತು. ಹೊಸ ಮಲ್ಮಲ್ ಬಟ್ಟೆ ಕತ್ತರಿಸಿ ಎಲ್ಲ ಪೀಪಾಯಿಗಳ ಬಾಯಿಗೂ ಕಟ್ಟಿದೆ. ಕೆಂಪಾದ ರಸವನ್ನು ಹೊರಗೆ ಚೆಲ್ಲಿ, ಬೋಗುಣಿಯನ್ನು ಸೋಡಾ ಹಾಕಿ ಉಜ್ಜಿದೆ.

ಪೊಲೀಸರು ಸಂಜೆಯ ಬಿಸಿಲಿಗೆ ಬಂದರು. ಗಾಣದ ಆಚೆಗೆ ಬಿದ್ದಿದ್ದವನನ್ನು ನೋಡಿದರು. ಯಾರು ಹೊಡೆದರು ಎಂದು ಕೇಳಿದರು. ಜನ ಎಂದೆ. ಎಷ್ಟು ಜನ, ಯಾರು ಯಾರು ಎಂದರು. ನನ್ನ ಬೆನ್ನು ಆ ಕಡೆಗಿತ್ತು ಎಂದೆ, ಅದು ನಿಜ. ಪಿಸ್ತೂಲು ತೆಗೆದುಕೊಂಡರು. ಹೆಣದ ಗಾಡಿ ಬರುವವರೆಗೆ ಒಬ್ಬ ಪೇದೆಯನ್ನು ಬಿಟ್ಟು ಹೋದರು. ಅವನನ್ನು ತೊಳೆಯಬಹುದೇ ಎಂದು ಪೇದೆಯನ್ನು ಕೇಳಿದೆ. ನೋಡಬೇಕಾದ್ದನ್ನು ಎಲ್ಲ ನೋಡಿಯಾಯಿತು, ನಿಮ್ಮಿಷ್ಟ ಎಂದ.

ಬಿಸಿನೀರು ತಂದೆ. ನನ್ನ ಗಂಡ ಮರದಡಿಯಿಂದ ನೋಡುತ್ತಿದ್ದರು. ದನಿ ಪೂರ್ತಿ ಒಡೆದುಹೋಗಿತ್ತು.

"ಅವನಿಗೂ ಮಾಡುದಾ?"

"ನನ್ನ ಪಾಳಿಯಲ್ಲಿ ಹೋದವನಲ್ವಾ?"

"ನಿನ್ನ ಕಿವಿ ಹರಿದವ ಅವ."

"ಕಿವಿಗೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕ್ತಾರೆ. ಇವನಿಗೆ ಅಲ್ಲಿ ಯಾರೂ ಏನೂ ಮಾಡುದಿಲ್ಲ."

ಅವರು ಸೀಸೆಯ ಬಿರಡೆಯನ್ನು ಹಲ್ಲಿನಿಂದ ಕಚ್ಚಿ ತೆಗೆದು, ಒಳ್ಳೆಯ ಕೈಯಿಂದ ಸೀಸೆಯನ್ನು ನನ್ನ ಕಡೆ ಚಾಚಿದರು. ಸ್ಪಿರಿಟ್ ಅದು, ನಾನು ಅವರ ಪಕ್ಕದಲ್ಲೇ ಬಿಟ್ಟಿದ್ದೆ.

ಮುಖದಿಂದ ಶುರು ಮಾಡಿದೆ. ಒಂದು ಕಣ್ಣು ಇರಲಿಲ್ಲ. ಅಲ್ಲಿ ಹತ್ತಿ ತುಂಬಿದೆ. ಇನ್ನೊಂದರ ರೆಪ್ಪೆಯನ್ನು ಇಳಿಸಿ ಬೆರಳಿನಿಂದ ಒತ್ತಿ ಹಿಡಿದೆ, ಅದು ಹಾಗೇ ನಿಂತಿತು. ಬಾಯಿಯ ಮಣ್ಣು ತೆಗೆದೆ. ಮುರಿದ ಕೈಗಳನ್ನು ನೇರ ಮಾಡಿ ಪಕ್ಕಕ್ಕೆ ಇಟ್ಟೆ, ಕಾಲುಗಳನ್ನು ಜೋಡಿಸಿದೆ. ದವಡೆ ಕಟ್ಟಲು ಬಟ್ಟೆ ಬೇಕಿತ್ತು. ಪೀಪಾಯಿಗೆ ಕತ್ತರಿಸಿ ಉಳಿದ ಮಲ್ಮಲ್ ಇತ್ತು, ಶುಚಿಯಾದದ್ದು. ಗಲ್ಲದ ಕೆಳಗಿನಿಂದ ತಂದು, ನೆತ್ತಿಯ ಮೇಲೆ ಎರಡು ಗಂಟು ಹಾಕಿ, ಉಳಿದ ತುದಿಗಳನ್ನು ಕತ್ತರಿಸಿದೆ. ಪೇದೆ ಒಂದು ಗೋಣಿ ಕೊಟ್ಟ. ಹೊದಿಸಿದೆ. ಬ್ರಷ್ಷನ್ನೂ ಬೋಗುಣಿಯನ್ನೂ ಕುದಿಯುವ ನೀರಿನಲ್ಲಿ ತೊಳೆದು, ಬೋರಲಾಗಿ ಇಟ್ಟು, ಕೈ ಒರೆಸಿಕೊಂಡೆ.